ಕೆಮ್ಮು, ಉಬ್ಬಸ ಇರುವ ಕೂಸುಗಳ ಮನೆಯವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ಗುರುವಾರ ಬೆಳಿಗ್ಗೆ 10ಕ್ಕೆ ಅಂಗನವಾಡಿಯಲ್ಲಿ ಲಸಿಕೆ ಇದೆ. ತೋಟದ ಲೈನ್ ಮನೆಯವರೂ ಬನ್ನಿ, ತಾಯಿ ಕಾರ್ಡ್ ಮರೆಯಬೇಡಿ.

ಮಳೆ ಹಿಡಿದಾಗಿನಿಂದ ಕೂಸುಗಳಿಗೆ ನೆಗಡಿ ಶುರುವಾಗಿ ಎರಡು ಮೂರು ದಿನದಲ್ಲಿ ಉಬ್ಬಸಕ್ಕೆ ತಿರುಗುತ್ತಿದೆ. ಡಾಕ್ಟರು ಬ್ರಾಂಕಿಯೋಲೈಟಿಸ್ ಅನ್ನುವುದು ಇದಕ್ಕೇ. ಹೆಚ್ಚಾಗಿ ಆರ್‌ಎಸ್‌ವಿ ವೈರಸ್‌ನಿಂದ ಬರುತ್ತದೆ. ಶ್ವಾಸಕೋಶದ ಸಣ್ಣ ಕೊಳವೆಗಳು ಊದಿಕೊಂಡು ಕಫ ಕಟ್ಟುತ್ತದೆ. ವೈರಸ್‌ಗೆ ಆಂಟಿಬಯೋಟಿಕ್ ನಾಟುವುದಿಲ್ಲ, ದೊಡ್ಡ ಮಗುವಿಗೆ ತಂದಿದ್ದ ಹಳೇ ಸಿರಪ್ ಕುಡಿಸಬೇಡಿ. ಜೇನು ನಮ್ಮ ಕೊಡಗಿನದೇ ಆದರೂ ವರ್ಷ ತುಂಬುವ ತನಕ ಬೇಡವೇ ಬೇಡ.

ಎದೆಹಾಲು ಸ್ವಲ್ಪಸ್ವಲ್ಪವೇ, ಆಗಾಗ ಕೊಡಿ. ಅಗ್ಗಿಷ್ಟಿಕೆ ಇಟ್ಟು ಬಟ್ಟೆ ಒಣಗಿಸುವ ಕೋಣೆಯಲ್ಲಿ ಕೂಸನ್ನು ಮಲಗಿಸಬೇಡಿ, ಹೊಗೆ ಕೂಡದು.

ಕೂಸು ಅಳದೆ ಇರುವಾಗ ಅಂಗಿ ಎತ್ತಿ, ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 2 ತಿಂಗಳೊಳಗಿನ ಕೂಸಿಗೆ 60, ಆಮೇಲೆ ವರ್ಷದವರೆಗೆ 50 ಮುಟ್ಟಿದರೆ, ಪಕ್ಕೆ ಒಳಕ್ಕೆ ಸೆಳೆದರೆ, ಹಾಲು ಬಿಟ್ಟರೆ, ತುಟಿ ನೀಲಿಯಾದರೆ ಗುರುವಾರಕ್ಕೆ ಕಾಯದೆ 108ಕ್ಕೆ ಫೋನ್ ಮಾಡಿ. ಮರ ಬಿದ್ದು ರಸ್ತೆ ಬಂದ್ ಆಗುವ ಕಾಲ, ಅನುಮಾನ ಬಂದರೆ ಹಗಲಲ್ಲೇ ಹೊರಡಿ.

ಯಾರ ಮನೆ ಕೂಸಿಗೆ ಕೆಮ್ಮಿದೆಯೋ ಬುಧವಾರ ಸಂಜೆಯೊಳಗೆ ವಯಸ್ಸು ಸಮೇತ ನನಗೆ ಮೆಸೇಜ್ ಹಾಕಿ. ನೆಟ್‌ವರ್ಕ್ ಸಿಗದ ಅಕ್ಕಪಕ್ಕದ ಮನೆಗಳಿಗೆ ದಯವಿಟ್ಟು ನೀವೇ ಹೇಳಿಬಿಡಿ.