ಕ್ಯಾಲೆಂಡರಿನ ಕೆಂಪು ಚುಕ್ಕೆ

ಪುಟ್ಟಿ,

ಫೋನಿನಲ್ಲಿ ಈ ಮಾತು ತೆಗೆದರೆ ಸಾಕು, "ಅಮ್ಮಾ, ಆಮೇಲೆ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ. ಶುಕ್ರವಾರ ಅಪ್ಪ ಝೇಲಂ ರೈಲಿನಲ್ಲಿ ಭೋಪಾಲಕ್ಕೆ, ನಿನ್ನ ರೋಯಿಂಗ್ ಕ್ಯಾಂಪಿಗೆ ಹೊರಡುತ್ತಾರೆ, ಅವರ ಚೀಲದಲ್ಲಿ ಡಬ್ಬಿಗಳ ಜೊತೆ ಇದೂ ಇರುತ್ತದೆ. ಮೊದಲು ಕಾಗದ ಓದು, ಆಮೇಲೆ ಡಬ್ಬಿ ತೆಗೆ. ಬೇಡ, ಮೊದಲು ಡಬ್ಬಿಯೇ ತೆಗೆ.

ನಿನ್ನೆ ಹಾಲಿನ ಲೆಕ್ಕ ನೋಡಲು ಕಾಲನಿರ್ಣಯ ಕ್ಯಾಲೆಂಡರಿನ ಹಳೆಯ ಹಾಳೆ ಮಗುಚಿದೆ. ನಿನಗೆ ಗೊತ್ತಲ್ಲ, ಹದಿಮೂರು ವರ್ಷಕ್ಕೆ ನೀನು ದೊಡ್ಡವಳಾದಾಗಿನಿಂದ ತಿಂಗಳಿಗೊಂದು ಕೆಂಪು ಚುಕ್ಕೆ ಇಡುವುದು ನನ್ನ ರೂಢಿ. ಮೇ ತಿಂಗಳವರೆಗೆ ಚುಕ್ಕೆ ಇದೆ. ಜೂನ್‌ನಲ್ಲಿ ಇಲ್ಲ. ಆಮೇಲೆ ಯಾವ ಹಾಳೆಯಲ್ಲೂ ಇಲ್ಲ. ಅದೇ ಹಾಳೆಗಳ ಮೇಲೆ ನೀನು ಪೆನ್ಸಿಲಿನಲ್ಲಿ ಗೀಚಿದ್ದೂ ಇದೆ. ಮೇನಲ್ಲಿ ತೂಕ 63, ನೆಲದ ಮೇಲೆ ಕೂತು ಹುಟ್ಟು ಹಾಕಿದ ಹಾಗೆ ಎಳೆಯುವ ಆ ಎರ್ಗೋ ಮಷಿನಿನಲ್ಲಿ 2000 ಮೀಟರಿಗೆ 7:52 ನಿಮಿಷ. ಅಕ್ಟೋಬರಿನಲ್ಲಿ ತೂಕ 59.2, ಸಮಯ 8:03.

ನಾನು ಹತ್ತನೇ ಕ್ಲಾಸಿನವಳು. ಆದರೆ ಹೋಟೆಲಿನ ಗಲ್ಲಾದಲ್ಲಿ ಹದಿನೆಂಟು ವರ್ಷ ಕೂತಿದ್ದೇನೆ. ಸುಮಾರು ನಾಲ್ಕು ಕಿಲೋ ಕೊಟ್ಟು ಹನ್ನೊಂದು ಸೆಕೆಂಡಿನ ನಷ್ಟ ಮನೆಗೆ ತಂದೆ. ಇದ್ಯಾವ ವ್ಯಾಪಾರ ಮಗಳೇ? ಎರ್ಗೋ ಬೇರೆ, ನೀರು ಬೇರೆ, ಹಗುರ ಇದ್ದರೆ ದೋಣಿ ಕಡಿಮೆ ಮುಳುಗುತ್ತೆ ಅಂತ ವಾದ ಮಾಡುತ್ತೀಯ. ಇರಬಹುದು. ಆದರೆ ಜಾಸ್ತಿ ಜೋರು ಕಾಲಿನದ್ದು, ಕೈಯದ್ದಲ್ಲ ಅಂತ ನನಗೆ ಹೇಳಿಕೊಟ್ಟವಳು ನೀನೇ. ಆ ಕಾಲು ಈಗ ನೋಡಿಕೊಂಡಿದ್ದೀಯಾ?

ನನ್ನದೂ ತಪ್ಪಿದೆ. ಅದನ್ನು ಮುಚ್ಚಿಡುವುದಿಲ್ಲ. ಇಲ್ಲಿ ಪುಣೆಯ ಬೋಪೋಡಿಯ ಅಂಗಡಿಯಿಂದ ಆ ರೇನ್‌ಕೋಟ್ ತಂದುಕೊಟ್ಟವಳು ನಾನೇ. ಮಳೆಗಾಲ ಮುಗಿದ ಮೇಲೆ ಯಾಕೆ ತಾಯೀ ಅಂತ ಅಂಗಡಿಯವನು ಮರಾಠಿಯಲ್ಲಿ ನಕ್ಕ. ಟ್ರಯಲ್ಸ್ ದಿನ ಅದನ್ನು ಟ್ರ್ಯಾಕ್‌ಸೂಟಿನ ಒಳಗೆ ಹಾಕಿಕೊಂಡು, ಬೆವರಿ ತೂಕ ಇಳಿಯಲಿ ಅಂತ ಮುಳಾ ನದಿಯ ದಂಡೆಯ ಮೇಲೆ ನೀನು ಓಡುತ್ತಿದ್ದೆ. ಲೈಟ್‌ವೇಟ್ ಅಂದರೆ ಹಗುರ ತೂಕದ ವರ್ಗದ ಹೆಂಗಸರು 59 ಕಿಲೋ ದಾಟುವಂತಿಲ್ಲ, ರೇಸಿಗೆ ಎರಡು ಗಂಟೆ ಮೊದಲಿನಿಂದ ಒಂದು ಗಂಟೆ ಮೊದಲಿನ ಒಳಗೆ ತೂಕ ಕೊಡಬೇಕು. ಮೊದಲ ಸಲ 59.3 ಬಂತು. ಮತ್ತೆ ಓಡಿದೆ. ಕರವಸ್ತ್ರಕ್ಕೆ ಉಗುಳುತ್ತಾ ಕೂತೆ. ತೂಕದ ಮಷಿನ್ 58.9 ತೋರಿಸಿದಾಗ ನಾನು ಚಪ್ಪಾಳೆ ತಟ್ಟಿದೆ. ಆಮೇಲೆ ಓಆರ್‌ಎಸ್ ಬಾಟಲಿಯ ಮುಚ್ಚಳ ತೆಗೆಯಲು ನಿನ್ನ ಕೈಯಲ್ಲಿ ಆಗಲಿಲ್ಲ. ಅಷ್ಟು ಬೊಬ್ಬೆ ಎದ್ದು, ಒಡೆದು, ಗಟ್ಟಿಯಾದ ಅಂಗೈ ಅದು. ಬೆರಳು ನಡುಗುತ್ತಿದ್ದವು. ಮುಚ್ಚಳ ತೆಗೆದುಕೊಟ್ಟೆ, ಆದರೂ ನನಗೆ ಬುದ್ಧಿ ಬರಲಿಲ್ಲ.

ರೇಸಿನಲ್ಲಿ 1500 ಮೀಟರಿನವರೆಗೆ ಎರಡನೆಯವಳಾಗಿದ್ದೆ, ಕೊನೆಗೆ ನಾಲ್ಕನೆಯವಳು. ಅದು ಹೋಗಲಿ. ಮನೆಗೆ ಬಂದ ಮೇಲೆ ಸೀನು ಬಂದರೆ ಗೋಡೆ ಹಿಡಿದುಕೊಳ್ಳುತ್ತಿದ್ದೆ ನೋಡು, ಅದು ನನ್ನ ಕಣ್ಣಿನಿಂದ ಹೋಗುತ್ತಿಲ್ಲ. ಒಂದು ತಿಂಗಳಿನಿಂದ ಪಕ್ಕೆಲುಬು ನೋಯುತ್ತಿತ್ತಂತೆ, ನನಗೆ ಹೇಳಿರಲಿಲ್ಲ. ಸ್ಕ್ಯಾನಿನಲ್ಲಿ ಎಲುಬು ಬಿರುಕು ಬಿಟ್ಟಿತ್ತು. ಬಿದ್ದಿಲ್ಲ, ಪೆಟ್ಟಾಗಿಲ್ಲ. ಹುಟ್ಟು ಎಳೆದೂ ಎಳೆದೂ ಹೀಗಾಗುತ್ತದೆ, ರೋಯಿಂಗ್‌ನವರಲ್ಲಿ ಇದು ಅಪರೂಪವಲ್ಲ ಅಂದರು ಡಾಕ್ಟರು. ಆಮೇಲೆ ಕನ್ನಡಕ ತೆಗೆದು, ಮುಟ್ಟು ಸರಿಯಾಗಿ ಆಗುತ್ತಿದೆಯಾ ಅಂತ ಕೇಳಿದರು. ನೀನು ನನ್ನ ಮುಖ ನೋಡಿದೆ. ದುಡಿಮೆಗೆ ತಕ್ಕಷ್ಟು ಅನ್ನ ಬೀಳದಿದ್ದರೆ ದೇಹ ಅದನ್ನು ನಿಲ್ಲಿಸಿಬಿಡುತ್ತದೆ, ಹಾಗೆ ಬಿಟ್ಟರೆ ಮೂಳೆಯೂ ಸೊರಗುತ್ತದೆ ಅಂತ ಅವರು ಹೇಳಿದ್ದು ನಿನಗೂ ಕೇಳಿಸಿದೆ.

ಇಷ್ಟೆಲ್ಲ ಆದಮೇಲೂ ಕ್ಯಾಂಪಿನ ಗ್ರೂಪಿನಲ್ಲಿ ದಿನಾ ಬೆಳಿಗ್ಗೆ ತೂಕ ಹಾಕಬೇಕಂತೆ. ಯಾವ ಸರ್ ಹೇಳಿದರೋ, ನಾನು ಅವರ ಹತ್ತಿರ ಜಗಳಕ್ಕೆ ಬರುವುದಿಲ್ಲ. ಒಂದೇ ಕೇಳುತ್ತೇನೆ. ಒಲಿಂಪಿಕ್ಸಿಗೆ ಲೈಟ್‌ವೇಟ್ ಬಂದದ್ದು 1996ರಲ್ಲಿ, ಪ್ಯಾರಿಸ್ 2024ರ ಜೊತೆ ಅದು ಮುಗಿಯಿತು. ಲಾಸ್ ಏಂಜಲೀಸ್ 2028ರಲ್ಲಿ ಅದರ ಬದಲು ಸಮುದ್ರದ ದಂಡೆಯ ಬೀಚ್ ಸ್ಪ್ರಿಂಟ್ ದೋಣಿ ರೇಸ್. ಇದನ್ನು ಊಟದ ತಟ್ಟೆಯ ಮುಂದೆ ಕೂತು ನನಗೆ ಹೇಳಿದ್ದು ನೀನೇ. ಹಾಗಾದರೆ ಯಾರಿಗೋಸ್ಕರ ಈ 59?

ತೂಕದ ಮಿತಿ ಇಲ್ಲದ ಓಪನ್‌ನಲ್ಲಿ ನಿಂತರೆ ಪಕ್ಕದ ಲೇನಿನವರು ನಿನಗಿಂತ ಒಂದು ಗೇಣು ಎತ್ತರ ಇರುತ್ತಾರೆ, ಗೊತ್ತು. ಸೋಲುತ್ತೀಯೇನೋ. ಸುಳ್ಳು ಹೇಳಿ ಸಮಾಧಾನ ಮಾಡಲಾರೆ. ಆದರೆ ಉಂಡು ಸೋಲು.

ಅಪ್ಪ ಮಾತು ಮಾತಿಗೂ ದತ್ತು ಭೋಕನಾಳ್ ಹೆಸರು ತರುತ್ತಾರಲ್ಲ, ನಾಸಿಕ್ ಕಡೆ ಬಾವಿ ತೋಡುತ್ತಿದ್ದ ಹುಡುಗ ಸೇನೆಗೆ ಸೇರಿ ರೋಯಿಂಗ್ ಕಲಿತು 2016ರ ರಿಯೋದಲ್ಲಿ 13ನೆಯವನಾದ ಅಂತ. ಹಸಿದರೂ ಗೆಲ್ಲಬಹುದು ಅನ್ನುವುದು ಅಪ್ಪನ ಧಾಟಿ. ಬಡತನದ ಹಸಿವಿಗೂ ತೂಕದ ಮಷಿನಿಗೆ ಹೆದರಿ ತಟ್ಟೆ ದೂಡುವ ಹಸಿವಿಗೂ ವ್ಯತ್ಯಾಸ ಇದೆ ಅಂತ ಮೊನ್ನೆ ಗಟ್ಟಿಯಾಗಿಯೇ ಹೇಳಿದೆ. ಸುಮ್ಮನಾದರು. ರಾತ್ರಿ ಅವರೇ ಕೂತು ಲಾಡಿಗೆ ಕಡಲೆ ಬೀಜ ಹುರಿದರು.

ನಿನ್ನ ಅಜ್ಜಯ್ಯ ಗಂಗೊಳ್ಳಿಯಿಂದ ಕುಂದಾಪುರಕ್ಕೆ ಜನರನ್ನು ದಾಟಿಸುತ್ತಿದ್ದವರು. ಗಂಜಿ ಉಣ್ಣದೆ ಹುಟ್ಟು ಮುಟ್ಟಿದವರಲ್ಲ. ಆಚೆ ದಡದಲ್ಲಿ ಜನ ಕೂಗಿದರೆ, "ಕೂಗಲಿ, ಇನ್ನೆರಡು ತುತ್ತು" ಅನ್ನುತ್ತಿದ್ದರು. ನಿನ್ನ ಹದಿನಾಲ್ಕು ಕಿಲೋ ದೋಣಿ ನೋಡಿ ಇದು ದೋಣಿಯೋ ಕೇರೆ ಹಾವೋ ಅಂತ ನಕ್ಕಿದ್ದು ನೆನಪಿದೆಯಾ? ಸೀಟು ಹಿಂದೆ ಮುಂದೆ ಜಾರುವುದನ್ನು ಕಂಡು, ನಮಗೆ ಕೂರಲೂ ಹಲಗೆ ಇರಲಿಲ್ಲ ಮಾರಾಯ್ತಿ ಅಂದರು.

ಇಲ್ಲಿ ಮುಳಾ ತುಂಬಾ ಮತ್ತೆ ಜಲಪರ್ಣಿ. ನಮ್ಮ ಕಡೆ ಅಂತರಗಂಗೆ ಅನ್ನುತ್ತೇವಲ್ಲ, ಆ ನೀರಿನ ಕಳೆ. ದಾಪೋಡಿ ಸೇತುವೆಯಿಂದ ನೋಡಿದರೆ ನೀರೇ ಕಾಣುವುದಿಲ್ಲ, ಗದ್ದೆಯ ಹಾಗಿದೆ. ಮಕ್ಕಳು ದೋಣಿ ಇಳಿಸಲಾಗದೆ ದಂಡೆಯ ಮೇಲೆ ಎರ್ಗೋ ಎಳೆಯುತ್ತಿದ್ದಾರೆ.

ಡಬ್ಬಿಯಲ್ಲಿ ಕಡಲೆ ಬೀಜದ ಲಾಡು ಇಪ್ಪತ್ತನಾಲ್ಕು, ಬೆಳಿಗ್ಗೆ ಎರಡು, ಸಂಜೆ ಎರಡು. ಹಂಚು, ಆದರೆ ನಿನ್ನ ಪಾಲು ಕೊಡಬೇಡ. ಕುಚ್ಚಲಕ್ಕಿ ಎರಡು ಕಿಲೋ ಇದೆ. ಮೆಸ್ಸಿನ ಭಯ್ಯಾನಿಗೆ ಹೇಳಿ ಗಂಜಿ ಮಾಡಿಸಿಕೋ, ತುಪ್ಪ ಬೇರೆ ಶೀಶೆಯಲ್ಲಿದೆ.

ಇನ್ನು ಮೇಲೆ ಬೆಳಿಗ್ಗೆ ನನಗೆ ತೂಕದ ಫೋಟೋ ಕಳಿಸಬೇಡ, ನೋಡುವುದಿಲ್ಲ. ಹೊಸ ವರ್ಷದ ಕಾಲನಿರ್ಣಯ ತಂದು ಮೊಳೆಗೆ ಹಾಕಿದ್ದೇನೆ. ಕೆಂಪು ಪೆನ್ನು ದಾರದಲ್ಲಿ ಕಟ್ಟಿದೆ. ಆದ ದಿನ ಫೋನ್ ಮಾಡು, ನಡುರಾತ್ರಿಯಾದರೂ ಸರಿ.

ಅಮ್ಮ