ಕ್ಯಾಪ್ಟನ್‌ಗೆ ‘ಬೇಡ’ ಅನ್ನುವವರು ಯಾರು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟೀ,

ಭಾನುವಾರ ಫೋನಿನಲ್ಲಿ ಎರಡು ಮಾತು ಹೇಳಿ ಇಟ್ಟುಬಿಟ್ಟೆ ನೀನು. ಒಂದು, ನಾವು ನೋಡಿದ ಧಾರಾವಾಹಿಯ ಕ್ಯಾಪ್ಟನ್ ಜೇನ್‌ವೇ ಕೊಲೆಗಾರ್ತಿ ಅಂತ. ಇನ್ನೊಂದು, ನಿನ್ನ ಟೀಮಿನ ಹುಡುಗನೊಬ್ಬ ಮೀಟಿಂಗ್‌ನಲ್ಲಿ ಎಲ್ಲರ ಮುಂದೆ ‘ಈ ಡೇಟ್‌ಗೆ ಆಗಲ್ಲ, ನಿಮ್ಮ ಲೆಕ್ಕ ತಪ್ಪು’ ಅಂದ, ಅವನನ್ನು ಬೇರೆ ಟೀಮಿಗೆ ಹಾಕಿಸುತ್ತೇನೆ ಅಂತ. ನಾನು ಬಾಯಿ ತೆರೆಯುವಷ್ಟರಲ್ಲಿ ನಿನಗೆ ಇನ್ನೊಂದು ಕಾಲ್ ಬಂತು. ಮೂರು ದಿನದಿಂದ ಎರಡೂ ಮಾತು ತಲೆಯಲ್ಲಿ ಸುತ್ತುತ್ತಿವೆ. ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

2020ರ ಲಾಕ್‌ಡೌನ್ ನೆನಪಿದೆಯಲ್ವಾ? ರಾತ್ರಿ ಊಟ ಮುಗಿಸಿ ತಟ್ಟೆ ತೊಳೆದಿಟ್ಟು, ಊಟದ ಮೇಜಿನ ಮೇಲೆ ನಿನ್ನ ಲ್ಯಾಪ್‌ಟಾಪ್ ಇಟ್ಟುಕೊಂಡು ‘ಸ್ಟಾರ್ ಟ್ರೆಕ್: ವಾಯೇಜರ್’ ನೋಡಲು ಕೂರುತ್ತಿದ್ದೆವು. 7 ಸೀಸನ್, 172 ಎಪಿಸೋಡ್. ಶುರುವಿನಲ್ಲಿ ನಿನ್ನ ಜೊತೆ ಕೂರುವ ಆಸೆಗೆ ನೋಡಿದೆ. ಆಮೇಲೆ ನಾನೇ ಗಡಿಯಾರ ನೋಡುತ್ತಾ ಕಾಯತೊಡಗಿದೆ. ಅದಕ್ಕೆ ಕಾರಣ ಆ ಹೆಂಗಸು, ವಾಯೇಜರ್ ಅನ್ನುವ ಬಾಹ್ಯಾಕಾಶ ಹಡಗಿನ ಕ್ಯಾಪ್ಟನ್ ಕ್ಯಾಥರಿನ್ ಜೇನ್‌ವೇ.

ಮೊದಲ ಎಪಿಸೋಡಿನಲ್ಲೇ ಹಡಗಿನ ಹೊಸ ಅಧಿಕಾರಿ ಹ್ಯಾರಿ ಕಿಮ್ ಅವಳನ್ನು ‘ಸರ್’ ಅನ್ನುತ್ತಾನೆ. ಅದು ಅವರ ಪಡೆಯ ನಿಯಮ. ಅವಳಿಗೆ ಅದು ಹಿಡಿಸುವುದಿಲ್ಲ. ತೀರಾ ಇಕ್ಕಟ್ಟಿನ ಹೊತ್ತಲ್ಲಿ ‘ಮ್ಯಾಮ್’ ಅಂದರೆ ನಡೆಯುತ್ತೆ, ನನಗೆ ‘ಕ್ಯಾಪ್ಟನ್’ ಅಂದರೇ ಇಷ್ಟ ಅನ್ನುತ್ತಾಳೆ. ಆವತ್ತು ನಾನು ಜೋರಾಗಿ ನಕ್ಕಿದ್ದು ಯಾಕೆ ಅಂತ ನಿನಗೆ ಹೇಳಿರಲಿಲ್ಲ. ನಾನು ಬ್ರಾಂಚ್ ಮ್ಯಾನೇಜರ್ ಆದ ಹೊಸದರಲ್ಲಿ ಅಟೆಂಡರ್‌ನಿಂದ ಹಿಡಿದು ಗಿರಾಕಿಗಳವರೆಗೆ ಅರ್ಧ ಜನ ನನ್ನನ್ನು ‘ಸಾರ್’ ಅಂತಲೇ ಕರೆಯುತ್ತಿದ್ದರು. ಆ ಕುರ್ಚಿಯಲ್ಲಿ ಕೂತವರು ಸಾರ್ ಆಗಿರಲೇಬೇಕು ಅನ್ನುವಷ್ಟು ಅಭ್ಯಾಸ ಅವರಿಗೆ. 1995ರಲ್ಲಿ ಈ ಧಾರಾವಾಹಿ ಶುರುವಾದಾಗ ಸ್ಟಾರ್ ಟ್ರೆಕ್‌ನಲ್ಲೂ ಹಾಗೇ ಇತ್ತಂತೆ. ಮುಖ್ಯ ಪಾತ್ರವಾಗಿ ಹೆಂಗಸೊಬ್ಬಳು ಕ್ಯಾಪ್ಟನ್ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಆ ಪಾತ್ರ ಮಾಡಿದ ಕೇಟ್ ಮಲ್‌ಗ್ರೂ ಎಷ್ಟು ಚೆನ್ನಾಗಿ ಕೂತಿದ್ದಾಳೆ! ಸೊಂಟಕ್ಕೆ ಕೈ ಕೊಟ್ಟು ನಿಲ್ಲುವ ರೀತಿ, ಆ ಒಡಕು ದನಿ. ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮ್ಯಾನೇಜರ್ ಆಗಿ ನನಗೊಂದು ಅನುಕೂಲ ಇತ್ತು. ತಲೆ ಕೆಟ್ಟಾಗ ರೀಜನಲ್ ಆಫೀಸಿಗೆ ಫೋನ್ ಮಾಡಬಹುದಿತ್ತು. ‘ಮೇಲಿನವರನ್ನು ಕೇಳಿ ಹೇಳ್ತೀನಿ’ ಅನ್ನುವ ಒಂದು ಮಾತಿನಲ್ಲಿ ಎಷ್ಟೋ ಭಾರ ಇಳಿಯುತ್ತಿತ್ತು. ಜೇನ್‌ವೇಗೆ ಆ ಮಾತೇ ಇಲ್ಲ. ಹಡಗು ಭೂಮಿಯಿಂದ 70,000 ಜ್ಯೋತಿರ್ವರ್ಷ ದೂರಕ್ಕೆ ಬಿದ್ದಿದೆ. ಪೂರ್ತಿ ವೇಗದಲ್ಲಿ ಹೋದರೂ ಮನೆ ಸೇರಲು 75 ವರ್ಷ. ಸುಮಾರು 150 ಜನ. ಅದರಲ್ಲಿ ಒಂದಿಷ್ಟು ಜನ, ಅವಳು ಹಿಡಿಯಲು ಹೊರಟಿದ್ದ ಮಕೀ ಬಂಡುಕೋರರೇ. ಅವರ ನಾಯಕ ಚಕೋಟೆಯನ್ನೇ ಅವಳು ತನ್ನ ಫಸ್ಟ್ ಆಫೀಸರ್ ಮಾಡಿಕೊಳ್ಳುತ್ತಾಳೆ. ಹಿಡಿಯಬೇಕಾದವನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಳ್ಳುವುದು ಸುಮ್ನೆ ಮಾತಲ್ಲ.

ಅವರನ್ನು ಅಷ್ಟು ದೂರ ಎಳೆದು ತಂದ ಯಂತ್ರವೇ ವಾಪಸ್ ಕಳಿಸಲೂಬಹುದಿತ್ತು. ಆದರೆ ಅದು ಕಾಜಾನ್ ಅನ್ನುವ ಶತ್ರುಗಳ ಕೈಗೆ ಸಿಕ್ಕರೆ ಒಕಾಂಪಾ ಅನ್ನುವ ಬಡಪಾಯಿ ಜನ ಉಳಿಯುವುದಿಲ್ಲ. ಅವಳು ಯಂತ್ರವನ್ನೇ ಒಡೆಸುತ್ತಾಳೆ. ಬಂಡುಕೋರರಲ್ಲೊಬ್ಬಳಾದ ಬೆಲಾನಾ ಟೋರೆಸ್ ಸಿಡಿದು, ನಮ್ಮೆಲ್ಲರ ಪರವಾಗಿ ತೀರ್ಮಾನ ಮಾಡಲು ಇವಳ್ಯಾರು ಅನ್ನುತ್ತಾಳೆ. ಅವರು ಕ್ಯಾಪ್ಟನ್, ಅನ್ನುತ್ತಾನೆ ಚಕೋಟೆ. ಅಷ್ಟೇ. ನೀನು ಆವತ್ತು ಚಪ್ಪಾಳೆ ಹೊಡೆದೆ. ನನಗೆ ಬೆಲಾನಾ ಮಾತೇ ಹೊಟ್ಟೆಯೊಳಗೆ ಕೂತುಬಿಟ್ಟಿತು. ನೂರೈವತ್ತು ಜನರ ಮನೆ, ಮಕ್ಕಳು, ಅಪ್ಪ, ಅಮ್ಮ. ಅವಳು ಒಬ್ಬರನ್ನೂ ಕೇಳಲಿಲ್ಲ. ಕೇಳಲು ಹೊತ್ತೂ ಇರಲಿಲ್ಲ, ಒಪ್ಪುತ್ತೇನೆ. ಆದರೂ ಕೇಳಲಿಲ್ಲ.

ಈಗ ನಿನ್ನ ಕೊಲೆಯ ವಿಷಯ. ಟೂವಿಕ್ಸ್.

ಅಪಘಾತದಲ್ಲಿ ಹಡಗಿನವರೇ ಆದ ಟೂವಾಕ್, ನೀಲಿಕ್ಸ್ ಇಬ್ಬರೂ ಬೆರೆತು ಮೂರನೆಯವನೊಬ್ಬ ಹುಟ್ಟುತ್ತಾನೆ. ಅವನೇ ಟೂವಿಕ್ಸ್. ಒಳ್ಳೆಯವನು, ಬುದ್ಧಿವಂತ, ಎಲ್ಲರಿಗೂ ಬೇಕಾದವನು. ಆಮೇಲೆ ಅವನನ್ನು ಮತ್ತೆ ಇಬ್ಬರನ್ನಾಗಿ ಬಿಡಿಸುವ ದಾರಿ ಸಿಗುತ್ತದೆ. ಆದರೆ ಹಾಗೆ ಮಾಡಿದರೆ ಅವನು ಇರುವುದಿಲ್ಲ. ನನಗೆ ಬದುಕಬೇಕು ಅಂತ ಬ್ರಿಜ್‌ನಲ್ಲಿ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ಒಬ್ಬೊಬ್ಬರ ಮುಖ ನೋಡುತ್ತಾ ಬೇಡಿಕೊಳ್ಳುತ್ತಾನೆ. ಯಾರೂ ಉಸಿರೆತ್ತುವುದಿಲ್ಲ. ಡಾಕ್ಟರ್ ಮಾತ್ರ, ಇಷ್ಟವಿಲ್ಲದವನ ಜೀವ ತೆಗೆಯುವುದು ನನ್ನಿಂದ ಆಗದು ಅಂತ ಹಿಂದೆ ಸರಿಯುತ್ತಾನೆ. ಆಗ ಜೇನ್‌ವೇ ತಾನೇ ಮುಂದೆ ಹೋಗಿ ಆ ಯಂತ್ರ ನಡೆಸುತ್ತಾಳೆ. ಇಬ್ಬರೂ ವಾಪಸ್ ಬರುತ್ತಾರೆ. ಅವಳು ಹೊರಗೆ ನಡೆಯುತ್ತಾಳೆ. ಆ ಮುಖದಲ್ಲಿ ಸಮಾಧಾನದ ಗೆರೆಯೂ ಇಲ್ಲ. ಎಪಿಸೋಡ್ ಅಲ್ಲಿಗೇ ಮುಗಿಯುತ್ತದೆ.

ಅವಳು ಮಾಡಿದ್ದು ತಪ್ಪು ಅಂತಲೇ ನನಗೂ ಅನ್ನಿಸುತ್ತದೆ ಕಣೇ. ಬೇಡುತ್ತಿರುವವನ ಜೀವ ತೆಗೆದು ಇನ್ನಿಬ್ಬರಿಗೆ ಕೊಡಲು ಯಾರಿಗೂ ಹಕ್ಕಿಲ್ಲ. ಆದರೆ ನೀನು ‘ಕೊಲೆಗಾರ್ತಿ’ ಅಂದು ಅಲ್ಲಿಗೇ ಕೈತೊಳೆದುಕೊಂಡೆ. ನಾನು ಇನ್ನೂ ಒಂದು ವಿಷಯ ನೋಡುತ್ತೇನೆ. ಡಾಕ್ಟರ್ ಬೇಡ ಅಂದಾಗ ಅವಳು ಅವನ ಮೇಲೆ ಹಾರಾಡಲಿಲ್ಲ. ಆಜ್ಞೆ ಮೀರಿದೆ ಅಂತ ಶಿಕ್ಷೆ ಕೊಡಲಿಲ್ಲ. ಕೆಳಗಿನ ಯಾವನೋ ಹುಡುಗನ ಕೈಯಲ್ಲಿ ಆ ಕೆಲಸ ಮಾಡಿಸಲೂ ಇಲ್ಲ. ಕೆಟ್ಟ ಕೆಲಸಕ್ಕೆ ತನ್ನ ಕೈಯನ್ನೇ ಕೊಟ್ಟಳು. ಬ್ಯಾಂಕಿನಲ್ಲಿ 34 ವರ್ಷ ಕಳೆದವಳು ನಾನು. ಕಷ್ಟದ ಕಾಗದ ಬಂದರೆ ಸಹಿ ಹಾಕದೆ ‘ನೀವೇ ನೋಡಿ ಮಾಡಿ’ ಅಂತ ಕೆಳಗೆ ತಳ್ಳುವವರು ಎಷ್ಟು ಜನ ಇದ್ದರು ಗೊತ್ತಾ? ನಾಳೆ ಏನಾದರೂ ಆದರೆ ಸಿಕ್ಕಿಬೀಳುವವನು ಆ ಪಾಪದ ಗುಮಾಸ್ತ.

ನನಗೆ ಅವಳ ಮೇಲೆ ನಿಜವಾಗಿ ಸಿಟ್ಟು ಬಂದದ್ದು ‘ಈಕ್ವಿನಾಕ್ಸ್’ ಎಪಿಸೋಡಿನಲ್ಲಿ. 1999ರಲ್ಲಿ ಬಂದ ಎರಡು ಭಾಗದ ಕತೆ. ಕ್ಯಾಪ್ಟನ್ ರ್ಯಾನ್ಸಮ್ ಅನ್ನುವವನು ತಾನು ಬೇಗ ಮನೆ ಸೇರಲಿ ಅಂತ ಜೀವಿಗಳನ್ನು ಕೊಂದು ಇಂಧನ ಮಾಡುತ್ತಿರುತ್ತಾನೆ. ಅವಳಿಗೆ ರೋಷ ಉಕ್ಕುತ್ತದೆ. ಸರಿಯಾದ ರೋಷವೇ. ಆದರೆ ಅವನ ಹಡಗಿನ ಲೆಸಿಂಗ್ ಅನ್ನುವ ಹುಡುಗನ ಬಾಯಿ ಬಿಡಿಸಲು ಅವನನ್ನು ಕಟ್ಟಿ ಕೂರಿಸಿ, ಆ ಜೀವಿಗಳು ಬಂದು ಅವನನ್ನು ಕೊಲ್ಲಲಿ ಅಂತ ಬಿಡುತ್ತಾಳೆ. ಚಕೋಟೆ ನುಗ್ಗಿ ಅವನನ್ನು ಹೊರಗೆಳೆಯುತ್ತಾನೆ. ನೀವು ಗೆರೆ ದಾಟುತ್ತಿದ್ದೀರಿ ಅಂತ ಅವನು ಮತ್ತೆ ಮತ್ತೆ ಎಚ್ಚರಿಸುತ್ತಾನೆ. ಅವಳು ಮಾಡಿದ್ದೇನು? ಅವನನ್ನೇ ಕೆಲಸದಿಂದ ಇಳಿಸಿ ಕೋಣೆಗೆ ಕಳಿಸಿದಳು.

ಟೂವಿಕ್ಸ್‌ಗಿಂತ ಇದು ದೊಡ್ಡ ತಪ್ಪು ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳಬೇಕಾದರೆ ನಿನಗೆ ಇದುವರೆಗೆ ಹೇಳದ ಒಂದು ವಿಷಯ ಹೇಳಬೇಕು.

2003ರಲ್ಲಿ ನಾನು ಮಲೆನಾಡಿನ ಒಂದು ಬ್ರಾಂಚಿನಲ್ಲಿದ್ದೆ. ಅಡಿಕೆ ಸುಗ್ಗಿ. ಒಂದು ಸಂಜೆ ಕ್ಯಾಶ್ ಟ್ಯಾಲಿ ಆಗಲಿಲ್ಲ. 40,000 ರೂಪಾಯಿ ಕಡಿಮೆ. ಮೂರು ಸಲ ಎಣಿಸಿದರೂ ಅಷ್ಟೇ. ನನಗೆ ಭಯ, ಅದರ ಹಿಂದೆಯೇ ಕೋಪ. ಶಟರ್ ಎಳೆಸಿ ಎಲ್ಲರನ್ನೂ ಕೂರಿಸಿದೆ. ಬ್ಯಾಗುಗಳನ್ನು ತೆಗೆಸಿ ನೋಡಿದೆ. ಹೆಡ್ ಕ್ಯಾಶಿಯರ್ ಅವರ ಊಟದ ಡಬ್ಬಿಯನ್ನೂ ಬಿಡಲಿಲ್ಲ. ಅವರೇ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದರು. ತಳದಲ್ಲಿ ನಾಲ್ಕು ಅಗುಳು ಮೊಸರನ್ನ, ಒಂದು ಒಗ್ಗರಣೆ ಮೆಣಸಿನಕಾಯಿ. ನಿವೃತ್ತಿಗೆ ಎರಡು ವರ್ಷ ಇದ್ದ ಮನುಷ್ಯ.

ಹಿರಿಯ ಗುಮಾಸ್ತರೊಬ್ಬರು ಎದ್ದು ನಿಂತು, ‘ಮೇಡಂ, ಇದು ಬೇಡ. ಇವತ್ತಿನ ಪೇಮೆಂಟ್ ವೋಚರ್ ತೆಗೆದು, ದೊಡ್ಡ ಮೊತ್ತ ತಗೊಂಡವರಿಗೆ ಒಂದೊಂದಾಗಿ ಫೋನ್ ಮಾಡೋಣ’ ಅಂದರು. ‘ನಿಮ್ಮನ್ನು ಕೇಳಲಿಲ್ಲ. ಹೋಗಿ ಹೊರಗೆ ಕೂತಿರಿ’ ಅಂದೆ. ಅವರು ಹೋಗಿ ಗಿರಾಕಿಗಳ ಬೆಂಚಿನ ಮೇಲೆ ಕೂತರು. ರಾತ್ರಿ ಒಂಬತ್ತರವರೆಗೆ ಹಾಗೇ ಕೂತಿದ್ದರು.

ಮಾರನೆ ದಿನ ಬ್ಯಾಂಕ್ ಬಾಗಿಲು ತೆಗೆಯುವ ಮೊದಲೇ ಮಂಡಿ ಸಾಹುಕಾರರೊಬ್ಬರು ಕೈಚೀಲ ಹಿಡಿದು ನಿಂತಿದ್ದರು. ನೂರರ ಕಟ್ಟಿನ ಬದಲು ಐನೂರರ ಒಂದು ಕಟ್ಟು ಅವರಿಗೆ ಹೋಗಿತ್ತು. ಬ್ಯಾಂಕಿನ ಪಟ್ಟಿಯೂ ಬಿಚ್ಚಿರಲಿಲ್ಲ. ಹಿಂದಿನ ಸಂಜೆ ಒಂದು ಫೋನ್ ಮಾಡಿದ್ದರೆ ಆಗುತ್ತಿತ್ತು. ನಾನು ಇಬ್ಬರ ಹತ್ತಿರವೂ ಕ್ಷಮೆ ಕೇಳಿದೆ. ‘ಪರವಾಗಿಲ್ಲ ಮೇಡಂ’ ಅಂದರು. ಆದರೆ ಹೆಡ್ ಕ್ಯಾಶಿಯರ್ ಆ ಮೇಲೆ ಬ್ರಾಂಚಿಗೆ ಡಬ್ಬಿ ತರಲೇ ಇಲ್ಲ. ಮಧ್ಯಾಹ್ನ ಬಿಸಿಲಲ್ಲಿ ಮನೆಗೆ ನಡೆದು ಹೋಗಿ ಉಂಡು ಬರುತ್ತಿದ್ದರು. ಆ ಗುಮಾಸ್ತರು ನಾನಲ್ಲಿದ್ದ ಇನ್ನೆರಡು ವರ್ಷ ನಾನು ಏನು ಹೇಳಿದರೂ ‘ಆಯ್ತು ಮೇಡಂ’ ಅಂದರು. ಒಂದೇ ಒಂದು ಸಲ ‘ಬೇಡ’ ಅನ್ನಲಿಲ್ಲ. ಅಷ್ಟು ಒಳ್ಳೆಯ ತಲೆ ನನಗೆ ಸಿಗದ ಹಾಗೆ ನಾನೇ ಮಾಡಿಕೊಂಡೆ. ಅದರಿಂದ ಎಷ್ಟು ತಪ್ಪುಗಳಾದವೋ.

ಅದಕ್ಕೇ ‘ಈಕ್ವಿನಾಕ್ಸ್’ ಕೊನೆಯ ದೃಶ್ಯದಲ್ಲಿ ನಾನು ಎದ್ದು ಅಡುಗೆಮನೆಗೆ ಹೋದದ್ದು. ನೀನು ನಿದ್ದೆ ಬಂತಾ ಅಂತ ಕೇಳಿದೆ. ಹಡಗಿನ ಹೆಸರಿನ ಫಲಕ ನೆಲಕ್ಕೆ ಬಿದ್ದಿರುತ್ತದಲ್ಲ? ಇಷ್ಟೆಲ್ಲ ಯುದ್ಧ ಆದರೂ ಇದು ಹಿಂದೆಂದೂ ಬಿದ್ದಿರಲಿಲ್ಲ ಅನ್ನುತ್ತಾರೆ. ನೀನು ನನ್ನ ವಿರುದ್ಧ ದಂಗೆ ಎದ್ದಿದ್ದರೂ ಕಾರಣ ಇತ್ತು ಅಂತ ಅವಳು ಚಕೋಟೆಗೆ ಹೇಳುತ್ತಾಳೆ. ಫಲಕವನ್ನು ಅದರ ಜಾಗಕ್ಕೆ ಹಾಕೋಣ ಅನ್ನುತ್ತಾಳೆ. ಅವಳ ಅದೃಷ್ಟ ನೋಡು, ಚಕೋಟೆ ಮಾತು ನಿಲ್ಲಿಸಲಿಲ್ಲ.

ಅವನೂ ಉಳಿದವರೂ ಮಾತು ನಿಲ್ಲಿಸದೆ ಇರಲು ಕಾರಣವನ್ನು ಅವಳೇ ಅಷ್ಟು ವರ್ಷ ಕೂಡಿಟ್ಟಿದ್ದಳು ಅನ್ನಿಸುತ್ತದೆ. ‘ಇಯರ್ ಆಫ್ ಹೆಲ್’ನಲ್ಲಿ ಹುಟ್ಟುಹಬ್ಬಕ್ಕೆ ಚಕೋಟೆ ಕೊಟ್ಟ ಜೇಬುಗಡಿಯಾರವನ್ನು ಅವಳು ತಗೊಳ್ಳುವುದಿಲ್ಲ. ಅದನ್ನು ಕರಗಿಸಿದರೆ ಒಂದು ಊಟ ಆಗುತ್ತೆ, ಒಂದು ಔಷಧ ಆಗುತ್ತೆ, ಒಂದು ಜೊತೆ ಬೂಟು ಆಗುತ್ತೆ ಅಂತ ವಾಪಸ್ ಕೊಡುತ್ತಾಳೆ. ಎರಡನೇ ಸೀಸನ್ನಿನ ಮೊದಲ ಎಪಿಸೋಡ್ ಇನ್ನೂ ದೊಡ್ಡದು. ಮನುಷ್ಯರೇ ಇರುವ ಒಂದು ಗ್ರಹ ಸಿಗುತ್ತದೆ. ಚೆಂದದ ಊರುಗಳು. ಇಲ್ಲೇ ಉಳಿಯಬೇಕೆನ್ನುವವರು ಹಡಗಿನ ಸರಕು ಕೋಣೆಗೆ ಬನ್ನಿ ಅಂತ ಎಲ್ಲರಿಗೂ ಹೇಳುತ್ತಾಳೆ. ಜಾಸ್ತಿ ಜನ ಇಳಿದರೆ ಹಡಗು ನಡೆಸುವುದಕ್ಕೇ ಆಗುವುದಿಲ್ಲ ಅಂತ ಅವಳಿಗೆ ಗೊತ್ತು. ಬಾಗಿಲ ಮುಂದೆ ನಿಂತಾಗ ಆ ಮುಖದ ಅಳುಕು ನೋಡಿದೆಯಾ? ಬಾಗಿಲು ತೆರೆಯುತ್ತದೆ. ಒಳಗೆ ಒಬ್ಬರೂ ಇಲ್ಲ. ನಾನು ಆವತ್ತು ಸೆರಗಲ್ಲಿ ಕಣ್ಣೊರೆಸಿಕೊಂಡೆ.

ಆಮೇಲೆ ‘ನೈಟ್’. ನಕ್ಷತ್ರವೇ ಇಲ್ಲದ ಜಾಗದಲ್ಲಿ ತಿಂಗಳುಗಟ್ಟಲೆ ಪಯಣ. ಇವರನ್ನೆಲ್ಲ ಇಲ್ಲಿ ಸಿಕ್ಕಿಸಿದವಳು ನಾನೇ ಅಂತ ಅವಳು ಕೋಣೆಯ ಕತ್ತಲಲ್ಲಿ ಕೂತಿರುತ್ತಾಳೆ. ಕೊನೆಗೆ, ನೀವೆಲ್ಲ ಹೋಗಿ, ನಾನೊಬ್ಬಳೇ ಹಿಂದೆ ಉಳಿದು ಕೆಲಸ ಮುಗಿಸುತ್ತೇನೆ ಅಂತ ಆಜ್ಞೆ ಮಾಡುತ್ತಾಳೆ. ಬ್ರಿಜ್‌ನಲ್ಲಿದ್ದ ಯಾರೂ ಒಪ್ಪುವುದಿಲ್ಲ. ಎಲ್ಲರೂ ಸೇರಿ ಕ್ಯಾಪ್ಟನ್‌ಗೆ ‘ಬೇಡ’ ಅನ್ನುತ್ತಾರೆ. ಅವಳು ಕೇಳುತ್ತಾಳೆ.

2001ರ ಕೊನೆಯ ಎಪಿಸೋಡಿನಲ್ಲಿ ಮತ್ತೆ ಮನೆಯ ಬಾಗಿಲು ಎದುರಿಗಿದೆ. ಮತ್ತೆ ಅದೇ ಆಯ್ಕೆ. ಆ ದಾರಿಯಲ್ಲಿ ಮನೆಗೆ ಹೋಗಬಹುದು, ಇಲ್ಲವೇ ಶತ್ರುಗಳು ಇನ್ನು ಅದನ್ನು ಬಳಸದಂತೆ ಒಡೆಯಬಹುದು. ಈ ಸಲ ಅವಳು ಎಲ್ಲರನ್ನೂ ಕೂರಿಸಿ ಮಾತಾಡುತ್ತಾಳೆ. ನಾನು ಆಜ್ಞೆ ಕೊಟ್ಟರೆ ನೀವು ಮಾಡುತ್ತೀರಿ ಅಂತ ಗೊತ್ತು, ಆದರೆ ಕೊಡುವುದಿಲ್ಲ, ಈ ಕೋಣೆಯಲ್ಲಿರುವ ಪ್ರತಿಯೊಬ್ಬರೂ ಒಪ್ಪಿದರೆ ಮಾತ್ರ ಅನ್ನುತ್ತಾಳೆ. ಏಳು ವರ್ಷದ ಹಿಂದೆ ಬೆಲಾನಾ ಕೇಳಿದ್ದಕ್ಕೆ ನನ್ನ ಮಟ್ಟಿಗೆ ಇದೇ ಉತ್ತರ. ನಾನು ಅವಳನ್ನು ಒಳ್ಳೆಯ ಕ್ಯಾಪ್ಟನ್ ಅನ್ನುವುದು ಹಡಗನ್ನು ಮನೆ ಮುಟ್ಟಿಸಿದ್ದಕ್ಕಲ್ಲ. ಒಬ್ಬಳೇ ತೀರ್ಮಾನ ಮಾಡುತ್ತಿದ್ದವಳು ಅಲ್ಲಿಯವರೆಗೆ ನಡೆದು ಬಂದಳಲ್ಲ, ಅದಕ್ಕೆ.

ನಿನ್ನ ಟೀಮಿನ ಹುಡುಗನ ವಿಷಯಕ್ಕೆ ಬರುತ್ತೇನೆ. ಅವನು ಎಲ್ಲರ ಮುಂದೆ ಹೇಳಬಾರದಿತ್ತು, ನಿನಗೆ ನೋವಾಗಿದೆ, ನನಗೆ ಅರ್ಥವಾಗುತ್ತದೆ. ಆದರೆ ಅವನ ಲೆಕ್ಕ ನೋಡಿದೆಯಾ? ಫೋನಿನಲ್ಲಿ ಅದೊಂದನ್ನು ನೀನು ಹೇಳಲಿಲ್ಲ. ಸೋಮವಾರದೊಳಗೆ ಅವನ ಜೊತೆ ಕೂತು ಒಂದು ಸಲ ನೋಡು. ಆಮೇಲೂ ನಿನ್ನ ಡೇಟ್ ಸರಿ ಅನ್ನಿಸಿದರೆ ಅದನ್ನೇ ಇಟ್ಟುಕೋ, ಕುರ್ಚಿ ನಿನ್ನದು. ಅವನನ್ನು ಮಾತ್ರ ಬೆಂಚಿಗೆ ಕಳಿಸಬೇಡ.

ಕಾಫಿಪುಡಿ ಕೊರಿಯರ್ ಮಾಡಿದ್ದೇನೆ, ಚಿಕೋರಿ ಇಪ್ಪತ್ತೇ ಹಾಕಿಸಿದ್ದು. ಕಟ್ಟುವಾಗ ನೀನು ತೋರಿಸಿದ ಆ ಇಟಲಿಯ ಗಗನಯಾತ್ರಿ ಸಮಂತಾ ಕ್ರಿಸ್ಟೊಫೊರೆಟ್ಟಿ ನೆನಪಾದಳು. 2015ರಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಕಾಫಿ ಯಂತ್ರ ಬರುತ್ತಿದ್ದಾಗ, ಜೇನ್‌ವೇ ಥರದ್ದೇ ಸಮವಸ್ತ್ರ ಹಾಕಿಕೊಂಡು, ಆ ನೀಹಾರಿಕೆಯಲ್ಲಿ ಕಾಫಿ ಇದೆ ಅನ್ನುವ ಜೇನ್‌ವೇಯದೇ ಮಾತು ಬರೆದು ಫೋಟೋ ಹಾಕಿದ್ದಳಲ್ಲ, ಅವಳು. 2022ರಲ್ಲಿ ಅದೇ ನಿಲ್ದಾಣದ ಕಮಾಂಡರ್ ಆದಳು.

ದೀಪಾವಳಿಗೆ ಬಂದಾಗ ಟೂವಿಕ್ಸ್ ಎಪಿಸೋಡ್ ಇನ್ನೊಮ್ಮೆ ನೋಡೋಣ. ನಿನ್ನ ವಾದ ಪೂರ್ತಿ ಹೇಳು, ಈ ಸಲ ನಾನು ಮಧ್ಯೆ ಬಾಯಿ ಹಾಕುವುದಿಲ್ಲ.

ಪ್ರೀತಿಯಿಂದ,
ನಿನ್ನ ಅಮ್ಮ