ದಾಸವಾಳದ ಕಡ್ಡಿಗೆ ಬೇರು ಬರುವ ಮುನ್ನ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯನಿಗೆ ನಮಸ್ಕಾರಗಳು.

ನೀನು ನೆಟ್ಟ ದಾಸವಾಳದ ಕಡ್ಡಿಗಳು ಮೊದಲು ಸೊಗಸಾಗಿ ಚಿಗುರಿ, ಎರಡು ಮೂರು ಎಲೆಗಳನ್ನೂ ಬಿಟ್ಟು, ಆಮೇಲೆ ಒಂದೊಂದಾಗಿ ಬಾಡಿ ಒಣಗಿಹೋದವೆಂದು ಬರೆದಿದ್ದೀಯೆ. ಮಣ್ಣಿನಲ್ಲಿ ದೋಷವಿತ್ತೇ, ಗೊಬ್ಬರ ಸಾಲದೆ ಹೋಯಿತೇ ಎಂದೂ ಕೇಳಿದ್ದೀಯೆ. ನನಗೆ ತೋರುವಂತೆ ಎರಡೂ ಅಲ್ಲ. ಆ ಕಡ್ಡಿಗಳಿಗೆ ಬೇರೇ ಬಂದಿರಲಿಲ್ಲ. ಕಾಂಡದಲ್ಲಿ ಉಳಿದಿರುವ ಪಿಷ್ಟ ಮತ್ತು ನೀರಿನ ಬಲದಿಂದಲೇ ಗೆಣ್ಣಿನ ಕಣ್ಣುಗಳು ಒಡೆದು ಚಿಗುರಬಲ್ಲವು. ಆದರೆ ಚಿಗುರು ಹರಡಿದಷ್ಟೂ ಎಲೆಗಳಿಂದ ಆವಿಯಾಗಿ ಹೋಗುವ ನೀರು ಹೆಚ್ಚುತ್ತದೆ, ಅದನ್ನು ಕೆಳಗಿನಿಂದ ತುಂಬಿಕೊಡಲು ಬೇರಿಲ್ಲದೆ ಹೋದರೆ ದಾಸ್ತಾನು ಮುಗಿದ ದಿನ ಕಡ್ಡಿಯೂ ಮುಗಿಯುತ್ತದೆ. ಆದ್ದರಿಂದ ಚಿಗುರನ್ನು ಕಂಡು ಕಡ್ಡಿ ಹಿಡಿಯಿತೆಂದು ನಂಬಬೇಡ. ಬೇರಿಲ್ಲದ ಆ ಕೆಲವು ವಾರಗಳನ್ನು ಕಡ್ಡಿ ಒಣಗದೆ, ಕೊಳೆಯದೆ ದಾಟುವಂತೆ ನೋಡಿಕೊಳ್ಳುವುದೇ ನಮ್ಮ ಕೆಲಸವೆಲ್ಲ.

ಬೀಜದಿಂದಲೇ ಬೆಳೆಸಬಾರದೇ ಎಂದು ನೀನು ಕೇಳಿದ್ದೂ ನೆನಪಿದೆ. ತೋಟದ ದಾಸವಾಳಗಳಲ್ಲಿ ಹೆಚ್ಚಿನವು ಮಿಶ್ರತಳಿಗಳು. ಹಲವು ಬೀಜವನ್ನೇ ಕಟ್ಟುವುದಿಲ್ಲ, ಕಟ್ಟಿದರೂ ಆ ಸಸಿಯ ಹೂವು ತಾಯಿಗಿಡದ ಹೂವಿನಂತೆಯೇ ಇರುತ್ತದೆಂಬ ಭರವಸೆಯಿಲ್ಲ. ಕಡ್ಡಿಯಿಂದ ಬಂದದ್ದು ಅದೇ ಬಣ್ಣದ, ಅದೇ ಸುತ್ತಿನ ಹೂ ಬಿಡುವ ಅದೇ ಗಿಡ.

ಕಡ್ಡಿಯನ್ನು ಆರಿಸುವಾಗ ತೀರ ಎಳೆಯದನ್ನೂ ತೀರ ಬಲಿತದ್ದನ್ನೂ ಬಿಟ್ಟುಬಿಡು. ಎಳೆಯದು ಬೇಗ ಬಾಡಿ ಕೊಳೆಯುತ್ತದೆ, ಹಳೆಯ ಕಟ್ಟಿಗೆ ಬೇರೊಡೆಯಲು ಬಹಳ ತಡಮಾಡುತ್ತದೆ. ತೊಗಟೆ ಹಸಿರಿನಿಂದ ಕಂದಿಗೆ ತಿರುಗುತ್ತಿರುವ, ಪೆನ್ಸಿಲ್‌ನಷ್ಟು ದಪ್ಪದ ಅರೆಬಲಿತ ಕಾಂಡ ಸರಿಯಾದದ್ದು. ಗಿಡದಲ್ಲಿ ನೀರು ತುಂಬಿರುವ ಬೆಳಗಿನ ಹೊತ್ತಿನಲ್ಲಿ, ಸ್ಪಿರಿಟ್‌ನಿಂದ ಒರೆಸಿದ ಹರಿತವಾದ ಬ್ಲೇಡಿನಿಂದ, ಮೂರು ನಾಲ್ಕು ಗೆಣ್ಣುಗಳಿರುವಂತೆ 10ರಿಂದ 15 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿಕೋ. ಮೊಂಡು ಕತ್ತರಿಯಿಂದ ಜಜ್ಜಿಹೋದ ತುದಿಯಲ್ಲೇ ಕೊಳೆ ಮೊದಲಾಗುತ್ತದೆ. ಬುಡವನ್ನು ಒಂದು ಗೆಣ್ಣಿನ ತುಸು ಕೆಳಗೆ ಓರೆಯಾಗಿಯೂ ತುದಿಯನ್ನು ನೇರವಾಗಿಯೂ ಕತ್ತರಿಸಿದರೆ, ಎಲೆ ತೆಗೆದ ಮೇಲೂ ಯಾವುದು ಮೇಲು ಯಾವುದು ಕೆಳಗು ಎಂದು ಗೊಂದಲವಾಗುವುದಿಲ್ಲ. ಮೊಗ್ಗಿದ್ದರೆ ಚಿವುಟಿಬಿಡು. ಹೂವಿಗೆ ಹೋಗುವ ಆಹಾರವೂ ಈಗ ಬೇರಿಗೇ ಬೇಕು.

ಎಲೆಗಳ ವಿಷಯದಲ್ಲಿ ಸ್ವಲ್ಪ ನಿಧಾನಿಸು, ಏಕೆಂದರೆ ನೀನು ಎಲ್ಲ ಎಲೆಗಳನ್ನೂ ಕಿತ್ತು ಬೋಳು ಕಡ್ಡಿಯನ್ನು ನೆಟ್ಟೆಯೆಂದು ತೋರುತ್ತದೆ. ಬೇರು ಮೂಡಲು ಪ್ರಚೋದನೆ ಕೊಡುವ ಆಕ್ಸಿನ್ ಎಂಬ ಹಾರ್ಮೋನು ಹೆಚ್ಚಾಗಿ ತುದಿಯ ಮೊಗ್ಗಿನಲ್ಲಿ ಮತ್ತು ಎಳೆಯ ಎಲೆಗಳಲ್ಲಿ ಉತ್ಪತ್ತಿಯಾಗಿ, ಕಾಂಡದಲ್ಲಿ ಮೇಲಿನಿಂದ ಕೆಳಕ್ಕೆ ಹರಿದು ಬಂದು ಕತ್ತರಿಸಿದ ಬುಡದಲ್ಲಿ ಸಂಗ್ರಹವಾಗುತ್ತದೆ. ಈ ಹರಿವಿಗೆ ದಿಕ್ಕು ಇರುವುದರಿಂದಲೇ ತಲೆಕೆಳಗಾಗಿ ನೆಟ್ಟ ಕಡ್ಡಿ ಸರಿಯಾಗಿ ಬೇರೊಡೆಯುವುದಿಲ್ಲ. ಎಲೆಯೇ ಇಲ್ಲದಿದ್ದರೆ ಹಾರ್ಮೋನೂ ಕಡಿಮೆ, ಬೇರು ಕಟ್ಟಲು ಬೇಕಾದ ಸಕ್ಕರೆಯೂ ಕಡಿಮೆ. ಎಲ್ಲ ಎಲೆಗಳನ್ನು ಉಳಿಸಿದರೆ ನೀರು ಪೋಲು. ಹಾಗಾಗಿ ಕೆಳಗಿನವನ್ನು ತೆಗೆದು, ತುದಿಯಲ್ಲಿ ಎರಡನ್ನು ಉಳಿಸಿ, ಅವು ದೊಡ್ಡವಾಗಿದ್ದರೆ ಅರ್ಧಕ್ಕೆ ಕತ್ತರಿಸುವುದು ಒಳ್ಳೆಯದು. ಓಟ್ಸ್ ಮೊಳಕೆಯ ತುದಿಯಿಂದ ಈ ಹಾರ್ಮೋನನ್ನು ಬೇರ್ಪಡಿಸಿ ಅದರ ಪ್ರಭಾವವನ್ನು ಅಳೆದು ತೋರಿಸಿದ ಡಚ್ ಸಸ್ಯವಿಜ್ಞಾನಿ ಫ್ರಿಟ್ಸ್ ವೆಂಟ್ ಅವರ ಪ್ರಬಂಧ 1928ರಲ್ಲಿ ಪ್ರಕಟವಾಯಿತು. 1935ರಲ್ಲಿ ಅಮೆರಿಕದ ಸಂಶೋಧಕರಾದ ಜಿಮ್ಮರ್‌ಮನ್ ಮತ್ತು ವಿಲ್ಕಾಕ್ಸನ್ ಅವರು ಆಕ್ಸಿನ್ ಗುಂಪಿನದೇ ಆದ ಇಂಡೋಲ್ ಬ್ಯುಟಿರಿಕ್ ಆಮ್ಲ ಬೇರು ಬರಿಸುತ್ತದೆಂದು ತೋರಿಸಿದರು. ಇಂದು ಅಂಗಡಿಗಳಲ್ಲಿ ಸಿಗುವ ಹಲವು ರೂಟಿಂಗ್ ಹಾರ್ಮೋನ್ ಪುಡಿಗಳಲ್ಲಿ ಇರುವುದು ಅದೇ. ಕಡ್ಡಿಯ ಬುಡವನ್ನು ಅದರಲ್ಲಿ ಅದ್ದಿ, ಹೆಚ್ಚಿನದನ್ನು ಕೊಡವಿಬಿಡು. ಹೆಚ್ಚು ಹಾಕಿದರೆ ಹೆಚ್ಚು ಬೇರು ಬರುತ್ತದೆಂಬ ಎಣಿಕೆ ತಪ್ಪು, ಅತಿಯಾದರೆ ಅದೇ ಬುಡವನ್ನು ಸುಡುತ್ತದೆ.

ನೆಡುವುದಕ್ಕೆ ಗೊಬ್ಬರದ ಮಣ್ಣು ಬೇಡ. ದಪ್ಪ ಮರಳು ಮತ್ತು ತೆಂಗಿನ ನಾರಿನ ಪುಡಿಯನ್ನು ಸಮನಾಗಿ ಬೆರೆಸಿದರೆ ತೇವವೂ ಉಳಿಯುತ್ತದೆ, ಗಾಳಿಯೂ ಆಡುತ್ತದೆ. ಹೊಸ ಬೇರಿಗೆ ಆಮ್ಲಜನಕ ಬೇಕು, ಕೆಸರಿನಲ್ಲಿ ಅದು ಸಿಗುವುದಿಲ್ಲ. ಮೊದಲು ಒಂದು ಕೋಲಿನಿಂದ ತೂತು ಮಾಡಿ ಕಡ್ಡಿಯನ್ನು ಇಳಿಸು, ಇಲ್ಲವಾದರೆ ಹಚ್ಚಿದ ಪುಡಿ ಮರಳಿಗೆ ಉಜ್ಜಿಹೋಗುತ್ತದೆ. ಆಮೇಲೆ ಕುಂಡಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಚೀಲವನ್ನು ಎಲೆಗೆ ತಾಗದಂತೆ ಹೊದಿಸಿ, ಬೆಳಕು ಚೆನ್ನಾಗಿದ್ದರೂ ನೇರ ಬಿಸಿಲು ಬೀಳದ ಕಡೆ ಇಡು. ಬಿಸಿಲಿಗೆ ಇಟ್ಟರೆ ಚೀಲದೊಳಗೆ ಕಡ್ಡಿ ಬೆಂದುಹೋಗುತ್ತದೆ. ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಗಾಳಿಯಾಡಲು ಬಿಡು, ಮೇಲ್ಪದರ ಆರಿದಾಗ ಮಾತ್ರ ನೀರು ಹಾಕು. ನೀರಿನ ಲೋಟದಲ್ಲಿಟ್ಟರೂ ಬೇರು ಬರುವುದುಂಟು, ಆದರೆ ನೀರಿನಲ್ಲಿ ಬೆಳೆದ ಬೇರುಗಳು ಸುಲಭವಾಗಿ ಮುರಿಯುತ್ತವೆ, ಮಣ್ಣಿಗೆ ಬಂದ ಮೇಲೆ ಹೊಂದಿಕೊಳ್ಳಲು ತಿಣುಕುತ್ತವೆ. ನಾನು ಆ ದಾರಿಯನ್ನು ಮೆಚ್ಚುವುದಿಲ್ಲ.

ಇನ್ನು ಕಾಯುವುದು. ಬುಡದಲ್ಲಿ ಮೊದಲು ಬಿಳಿಯ ಗಂಟಿನಂಥ ಕ್ಯಾಲಸ್ ಕಟ್ಟಬಹುದು. ಅದು ಗಾಯ ಮಾಯುತ್ತಿರುವ ಅಂಗಾಂಶವೇ ಹೊರತು ಬೇರಲ್ಲ. ನಿಜವಾದ ಬೇರಿಗೆ ಬೆಚ್ಚನೆಯ ಹವೆಯಲ್ಲಿ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು, ಚಳಿಯಿದ್ದರೆ ಇನ್ನೂ ಹೆಚ್ಚು. ನೋಡಬೇಕೆಂಬ ಆಸೆಯಿಂದ ಕಡ್ಡಿಯನ್ನು ಕಿತ್ತು ನೋಡಿದರೆ ಎಳೆಯ ಬೇರುಗಳೆಲ್ಲ ಹರಿಯುತ್ತವೆ. ಬೆರಳಿನಿಂದ ಬಲು ಮೆಲ್ಲಗೆ ಎಳೆದಾಗ ಕಡ್ಡಿ ಬಿಗಿಯಾಗಿ ನಿಂತರೆ ಅಥವಾ ಕುಂಡದ ತೂತಿನಲ್ಲಿ ಬಿಳಿ ಬೇರು ಇಣುಕಿದರೆ ಸಾಕು. ಆಮೇಲೂ ಚೀಲವನ್ನು ಒಮ್ಮೆಲೇ ತೆಗೆಯದೆ ಒಂದು ವಾರದಲ್ಲಿ ಹಂತಹಂತವಾಗಿ ತೆರೆಯುತ್ತಾ ಹೋಗು. ತೇವದ ಗಾಳಿಯಲ್ಲಿ ಬೆಳೆದ ಎಲೆಗೆ ಹೊರಗಿನ ಒಣ ಗಾಳಿಯನ್ನು ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಹದವಾದ ಗೊಬ್ಬರ ಬೆರೆತ ಮಣ್ಣಿನ ಕುಂಡಕ್ಕೆ ಬದಲಾಯಿಸುವುದು ಆಮೇಲಿನ ಮಾತು.

ಮುಂದಿನ ಸಲ ಕಡ್ಡಿ ಕೀಳುವ ಮುನ್ನ ತಾಯಿಗಿಡದ ಎಲೆಗಳನ್ನು ಬೆಳಕಿಗೆ ಹಿಡಿದು ನೋಡು. ಹಳದಿ ಉಂಗುರಗಳೋ ಮಚ್ಚೆಗಳೋ ಇದ್ದರೆ ಅದು ನಂಜುರೋಗ, ಅಂದರೆ ವೈರಸ್‌ನಿಂದ ಬರುವ ರೋಗವಾಗಿರಬಹುದು. ನಂಜು ಗಿಡದ ರಸದಲ್ಲೇ ಇರುವುದರಿಂದ ಹೂವಿನ ಬಣ್ಣದಂತೆ ಅದೂ ಕಡ್ಡಿಯೊಡನೆ ಬರುತ್ತದೆ, ಬ್ಲೇಡಿನ ಮೂಲಕ ಬೇರೆ ಗಿಡಗಳಿಗೂ ದಾಟುತ್ತದೆ. ಅಂಥ ಗಿಡದ ಹೂವು ಎಷ್ಟೇ ಚೆಂದವಿದ್ದರೂ ಅದರಿಂದ ಕಡ್ಡಿ ತೆಗೆಯಬೇಡ, ಯಾರಿಗೂ ಕೊಡಲೂ ಬೇಡ.

ಹೊಸ ಕಡ್ಡಿಗಳನ್ನು ನೆಟ್ಟ ಮೇಲೆ ತಪ್ಪದೆ ಬರೆ.

ನಿನ್ನ ಗೆಳೆಯ